ಟ್ಯಾಬ್ ಮುಚ್ಚಿಕೊಂಡ ನಾಲ್ಕನೆಯ ದಿನ

ಕಳೆದ ಶ್ರಾವಣದಲ್ಲಿ ನಡೆದದ್ದು. ಮರಾಠಿ ಸೀಮೆಯ ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ಅತ್ತೆ ಏಳು ದಿನದ ಪುರಾಣ ಪಾರಾಯಣ ಹಿಡಿದಿದ್ದರು. ಅಂದಂದಿನ ಅಧ್ಯಾಯ ಮುಗಿಯುವವರೆಗೆ ಮಣೆಯಿಂದ ಏಳುವಂತಿಲ್ಲ, ಬೇರೆ ಮಾತಾಡುವಂತಿಲ್ಲ, ನೀರೂ ಕುಡಿಯುವಂತಿಲ್ಲ. ಅವರಿಗೆ ಸಕ್ಕರೆ ಕಾಯಿಲೆ.

ಹಳೆಯ ಪುಸ್ತಕದ ಸಣ್ಣ ಅಕ್ಷರ ಅವರಿಗೆ ಕಾಣದು. ಅದರ ಇ-ಪುಸ್ತಕ ನನ್ನ ಮೊಬೈಲಿನಲ್ಲಿತ್ತು, ಪರದೆ ಅಂಗೈಯಷ್ಟು. ಸೊಲ್ಲಾಪುರದ ನನ್ನ ಕಚೇರಿ ಕೊಟ್ಟ ದೊಡ್ಡ ಟ್ಯಾಬಿಗೆ ಹಾಕೋಣವೆಂದರೆ, ಕೇಬಲ್ ಹಚ್ಚಿದರೆ ಬರೀ ಚಾರ್ಜ್ ಆಗುತ್ತದೆ, ಮೇಲ್‌ನಲ್ಲಿ ಕಳಿಸಿದ ಫೈಲ್ ತೆರೆಯದು, ಓದುವ ಆ್ಯಪ್ ಹಾಕಲು ಅನುಮತಿಯಿಲ್ಲ. ಕಂಪ್ಯೂಟರ್ ವಿಭಾಗದವರು, “ಪಾಲಿಸಿ ಆಹೆ ಮ್ಯಾಡಮ್, ಕಂಪನಿ ನಿಯಮ, ನಾವೇನ್ ಮಾಡೂಣ್ರಿ?” ಎಂದರು. ಕ್ಯಾಮೆರಾ ಒಂದನ್ನು ಮಾತ್ರ ಅವರು ಮುಚ್ಚಿರಲಿಲ್ಲ. ಮೊಬೈಲಿನಲ್ಲಿ ಒಂದೊಂದೇ ಪುಟ ತೆರೆದಿಟ್ಟು ಟ್ಯಾಬಿನಿಂದ ಫೋಟೊ ತೆಗೆದೆ. ನೂರಾ ಹನ್ನೆರಡು ಫೋಟೊ.

ಎರಡು ನಿಮಿಷ ಮುಟ್ಟದಿದ್ದರೆ ಪರದೆ ಕಪ್ಪಾಗಿ ಟ್ಯಾಬ್ ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆಯಲು ನನ್ನ ಹೆಬ್ಬೆರಳೇ ಬೇಕು. ಮೂರು ದಿನ ರಜೆ ಹಾಕಿ ಪಕ್ಕದಲ್ಲೇ ಕೂತೆ. ನಾಲ್ಕನೆಯ ದಿನ ರಜೆ ಸಿಗಲಿಲ್ಲ; ಟ್ಯಾಬ್ ತೆರೆದುಕೊಟ್ಟು ಹೊರಟೆ.

“ಬೆರಳಾಡಿಸ್ಕೋತ ಇರ್ರಿ ಅತ್ತಿ.”

“ನೀ ಹೋಗವ್ವಾ. ನಾ ಏನ್ ಸಣ್ಣಾಕಿ ಅದೀನೇನು?”

ಸೊಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಗಂಡನ ಫೋನು. “ಅವ್ವ ಚಷ್ಮಾ ಒರಸೂದ್ರಾಗ ಟ್ಯಾಬ್ ಕರ್ರಗಾಗೇದ. ಏಳವಲ್ಲಳು, ಮಾತಾಡವಲ್ಲಳು. ಸಕ್ಕರಿ ಇಳದದ ಕಾಣ್ತದ, ಕೈ ನಡುಗಾಕತ್ತಾವ.”

“ನೀವರ ಹಳೇ ಪುಸ್ತಕ ಹಿಡದು ಓದ್ರಿ!”

“ನಂಗೆಲ್ಲಿ ಕನ್ನಡ ಓದಾಕ ಬರತದ? ನಾ ಕಲತದ್ದು ಮರಾಠಿ ಸಾಲ್ಯಾಗ.”

ಕಂಪ್ಯೂಟರ್ ವಿಭಾಗಕ್ಕೆ ಫೋನು ಮಾಡಿದೆ. “ದೂರದಿಂದ ಲಾಕ್ ತೆಗೀಬೇಕಂದ್ರ ಅರ್ಜಿ ಕೊಡ್ರಿ. ಮೂರು ದಿನ ಹಿಡೀತದ.” ತಿರುಗಿ ಹೋಗಲು ನಿಂತ ಬಸ್ಸಿಗೆ ಡ್ರೈವರ್ ಇರಲಿಲ್ಲ.

ಆಗ ಕೈಯಲ್ಲಿದ್ದ ಮೊಬೈಲಿನ ಕಡೆ ನೋಡಿದೆ. ಪುಸ್ತಕ ಅದರಲ್ಲೇ ಇತ್ತು. ಗಂಡನಿಗೆ ಫೋನು ಹಚ್ಚಿ, “ಸ್ಪೀಕರ್ ಹಾಕಿ ಅತ್ತಿ ಮುಂದ ಇಡ್ರಿ” ಎಂದೆ. ಅತ್ತೆ ತಾವು ನಿಂತ ಸಾಲನ್ನು ನುಡಿದು ತೋರಿಸಿದರು. ನಾನೂ ಸ್ಪೀಕರ್ ಹಾಕಿ, ಪುಸ್ತಕ ತೆರೆದು, ಆ ಗದ್ದಲದಲ್ಲಿ ನಿಂತು ಮುಂದಿನ ಸಾಲು ಓದಿದೆ. ಆ ಕಡೆಯಿಂದ ಅತ್ತೆ ಅದೇ ಸಾಲು ನುಡಿದರು. ದನಿ ಬಹಳ ಸಣ್ಣಗಿತ್ತು. ಹನ್ನೊಂದು ಪುಟ ಹಾಗೇ ನಡೆಯಿತು. ಪಕ್ಕದ ಬೆಂಚಿನವರು ಮಾತು ನಿಲ್ಲಿಸಿ ಕೈಮುಗಿದು ಕೂತಿದ್ದರು.

ಅಧ್ಯಾಯ ಮುಗಿದ ಮೇಲೆ ಅತ್ತೆಯ ಮೊದಲ ಮಾತು ಮಗನಿಗೆ: “ಉಪ್ಪಿಟ್ಟು ತಾರೋ. ಆ ಕರೀ ಹಲಗಿ ಅತ್ಲಾಗ ಇಡು.”

ಉಳಿದ ಮೂರು ದಿನ ಬಸ್ಸಿಗೆ ಮೊದಲು ನಾನೇ ಓದಿದೆ, ಅವರು ನುಡಿದರು. ನೂರಾ ಹನ್ನೆರಡು ಫೋಟೊ ತೆಗೆದ ಹೊತ್ತಿನಲ್ಲಿ ಎಷ್ಟು ಅಧ್ಯಾಯ ಓದಿ ಹೇಳಬಹುದಿತ್ತೋ. ಈಗಲೂ ಮೇಜಿನ ಮೇಲೆ ಟ್ಯಾಬ್ ಕಪ್ಪಾದರೆ ತಟ್ಟನೆ ಹೆಬ್ಬೆರಳು ಒತ್ತುತ್ತೇನೆ. ಅತ್ತೆಯ ಆ ಸಣ್ಣ ದನಿ ಮುಂದಿನ ಸಾಲಿಗೆ ಕಾಯುತ್ತಿದೆ ಅನಿಸುತ್ತದೆ.