ಪ್ರೇಮಾನಂದ ಮಾಸ್ಟ್ರು ಕಷಾಯದ ಕೆತ್ತೆ ತಂದ ವರ್ಷ

ಪ್ರೇಮಾನಂದ ಮಾಸ್ಟ್ರು ಮೊದಲಿನಿಂದಲೂ ಒಳ್ಳೆಯ ಮಾಸ್ಟ್ರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಟ್ಟಿಯಂಗಡಿ ಕಡೆಯ ನಮ್ಮ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದಾಗ ಅವರು ಶುದ್ಧ ನೋಟ್ಸ್ ಮಾಸ್ಟ್ರು. ಅವರು ಹೇಳುವುದು, ಮಕ್ಕಳು ಬರೆಯುವುದು, ಪರೀಕ್ಷೆಯಲ್ಲಿ ಅದನ್ನೇ ಕಕ್ಕುವುದು. ಪಕ್ಕದ ಕೋಣೆಯಲ್ಲಿ ಕನ್ನಡ ಪಾಠ ಮಾಡುವ ನನಗೆ ಗೋಡೆಯಾಚೆಯಿಂದ ಅವರ ಒಂದೇ ಸ್ವರ ಕೇಳಿ ಕೇಳಿ ತೂಕಡಿಕೆ ಬರುತ್ತಿತ್ತು. ಫಲಿತಾಂಶ ಚೆನ್ನಾಗಿತ್ತು, ಹಾಗಾಗಿ ಯಾರೂ ತಕರಾರು ಎತ್ತಲಿಲ್ಲ.

ಅವರನ್ನು ಕೆಡಿಸಿದವನು ಸುಜನ್ ಎಂಬ ಹುಡುಗ. ಕೆಡಿಸಿದ ಎನ್ನುವುದು ಊರಿನವರ ಮಾತು, ನನ್ನದಲ್ಲ. ಒಂದು ಬೇಸಗೆಯ ಪರೀಕ್ಷೆಯಲ್ಲಿ ಇಡೀ ತರಗತಿ ‘ಹೊಳೆಯ ನೀರು ವರ್ಷವಿಡೀ ಸಿಹಿಯಾಗಿರುತ್ತದೆ’ ಎಂದು ಬರೆದಿತ್ತು. ಮಾಸ್ಟ್ರು ಒಳನಾಡಿನ ಶಂಕರನಾರಾಯಣ ಊರಿನವರು. ಅವರ ಊರಿನ ಹೊಳೆಗೆ ಸಮುದ್ರದ ನೀರು ಏರುವುದಿಲ್ಲ, ಅದೇ ಅಂದಾಜಿನಲ್ಲಿ ಬರೆಸಿದ್ದರು. ಉತ್ತರಪತ್ರಿಕೆ ತಿದ್ದಿ ಸುಸ್ತಾಗಿ ಶಾಲೆಯ ಹಿಂದಿನ ಹೊಳೆಯಲ್ಲಿ ಮುಖ ತೊಳೆದವರು ಥೂ ಎಂದು ಉಗಿದು, ದಡದಲ್ಲಿದ್ದ ಸುಜನ್‌ನನ್ನು ಕರೆದರು.

“ಈ ನೀರ್ ಉಪ್ಪಲ್ದಾ?”

“ಹೌದ್ ಸರ್. ಬೇಸಗಿಯಂಗೆ ಪೂರಾ ಉಪ್ಪ್.”

“ಮತ್ತೆ ಸಿಹಿ ಅಂದೇಳಿ ಬರ್ದದ್ದ್ ಎಂತಕೆ?”

“ನೀವ್ ಹೇಳಿದ್ರಿ ಅಲ್ದಾ ಸರ್.”

ಹುಡುಗ ಇದನ್ನು ಬಹಳ ಮರ್ಯಾದೆಯಿಂದಲೇ ಹೇಳಿದ. ಮಾಸ್ಟ್ರಿಗೆ ಅದನ್ನೇ ತಡೆದುಕೊಳ್ಳಲಾಗಲಿಲ್ಲ. “ಬಾಯಿಗೆ ಉಪ್ಪ್ ಹತ್ತಿದ್ರೂ ನನ್ ಮಾತೇ ದೊಡ್ಡದಾಯ್ತಾ ಮಾರಾಯ್ರೆ?” ಎಂದು ಸ್ಟಾಫ್ ರೂಮಿನಲ್ಲಿ ಚಹಾ ಮುಟ್ಟದೆ ಕೂತರು.

ಆಮೇಲೆ ಅವರ ತರಗತಿಯಲ್ಲಿ ಗಲಾಟೆ ಶುರುವಾಯಿತು. ಯಾರು ಏನೇ ಹೇಳಲಿ, ಮಾಸ್ಟ್ರೇ ಹೇಳಲಿ, ‘ಹ್ಯಾಂಗ್ ಗೊತ್ತಾಯ್ತ್?’ ಎಂದು ಕೇಳಲೇಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು, ಹೋಗಿ ನೋಡಿ ಬರಬೇಕು. ನನ್ನ ತೂಕಡಿಕೆ ಹಾರಿಹೋಯಿತು. ಪೋಷಕರು ಮಕ್ಕಳಿಗೆ ಬಾಯಿ ಹೆಚ್ಚಾಯಿತೆಂದು ದೂರು ತಂದರು. ನಾನು “ಮಾಡಿದ್ದುಣ್ಣೋ ಮಹಾರಾಯ” ಎಂದು ಮಾಸ್ಟ್ರನ್ನು ರೇಗಿಸುತ್ತಿದ್ದೆ.

ಒಬ್ಬಳು ಮಾತ್ರ ಬಾಯಿ ಬಿಡುತ್ತಿರಲಿಲ್ಲ, ಒಂಬತ್ತನೆಯ ತರಗತಿಯ ಪ್ರೇಕ್ಷಾ. ಬಾಯಿಗೆ ಬೆರಳಿಟ್ಟರೂ ಕಚ್ಚದ ಹುಡುಗಿ, ನಮ್ಮ ನೆರೆಮನೆಯವಳೇ. ಮಾಸ್ಟ್ರು ಅವಳ ಬೆನ್ನು ಬಿಡಲಿಲ್ಲ. ತಪ್ಪಾದರೂ ಪರವಾಗಿಲ್ಲ ಕೇಳು, ಕೇಳು ಎಂದು ತಿಂಗಳುಗಟ್ಟಲೆ ಹುರಿದುಂಬಿಸಿದ ಮೇಲೆ ಆಗೊಮ್ಮೆ ಈಗೊಮ್ಮೆ ಕೈ ಎತ್ತತೊಡಗಿದಳು. ಅವಳ ಕೈ ಮೇಲೆದ್ದ ದಿನ ಮಾಸ್ಟ್ರು ಸ್ಟಾಫ್ ರೂಮಿಗೆ ಬಂದು ನನಗೆ ಹೇಳದೆ ಇರುತ್ತಿರಲಿಲ್ಲ.

ಹೀಗಿರುವಾಗ ಆಸಾಡಿ ಅಮಾವಾಸ್ಯೆ ಬಂತು. ಅಂದು ಸೂರ್ಯ ಹುಟ್ಟುವ ಮೊದಲು ಕಾಡಿನ ಹಾಲೆ ಮರದ ಕೆತ್ತೆ, ಅಂದರೆ ತೊಗಟೆ, ಕಲ್ಲಿನಿಂದ ಜಜ್ಜಿ ತಂದು, ರಸ ತೆಗೆದು ಖಾಲಿ ಹೊಟ್ಟೆಗೆ ಕುಡಿಯುವುದು ನಮ್ಮ ಪದ್ಧತಿ. ನಮ್ಮ ಕೇರಿಗೆಲ್ಲ ಪ್ರತಿವರ್ಷ ತರುತ್ತಿದ್ದ ಸೂರಣ್ಣನಿಗೆ ಮಂಡಿನೋವು. ಮಾಸ್ಟ್ರು ನಾನು ತರುತ್ತೇನೆಂದು ಒಪ್ಪಿಕೊಂಡರು. ಮುನ್ನಾದಿನ ಸಂಜೆ ಸೂರಣ್ಣ ಮರ ತೋರಿಸಿದ. ಮಾಸ್ಟ್ರು ಕತ್ತಲಲ್ಲೇ ಹೋಗಿ ಕೆತ್ತೆ ತಂದರು, ಅವರ ತಾಯಿ ಸೀತಮ್ಮ ಅರೆದು ರಸ ಹಿಂಡಿದರು. ಲೋಟ ಹಿಡಿದು ನಿಂತವರಲ್ಲಿ ನಾನೂ ಇದ್ದೆ, ಪ್ರೇಕ್ಷಾಳೂ ಇದ್ದಳು.

“ಸರ್,” ಎಂದಳು ಅವಳು ಮೆಲ್ಲಗೆ, “ಇದ್ ಹಾಲೆ ಮರದ್ದೇ ಅಂದೇಳಿ ಹ್ಯಾಂಗ್ ಗೊತ್ತಾಯ್ತ್?”

“ಸೂರಣ್ಣ ತೋರ್ಸಿದ್ನಲೆ.”

“ಸೂರಣ್ಣ ತೋರ್ಸಿದ್ದ್ ಬೆಳಕಂಗೆ. ನೀವ್ ಜಜ್ಜಿದ್ದ್ ಕತ್ಲಿಯಂಗೆ. ಹತ್ರವೇ ಕಾಸರಕದ ಮರವೂ ಇತ್ತಲೆ?”

ಕಾಸರಕ ವಿಷ. ಕತ್ತಲಲ್ಲಿ ಮರ ತಪ್ಪಿ ಅದನ್ನು ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ಎಲ್ಲರೂ ಕೇಳಿದವರೇ. ಆದರೂ ಸೀತಮ್ಮ ಸಿಡಿದರು. “ಎಂತ ಹೆಣ್ಣೆ, ಮಾಸ್ಟ್ರನ್ನೇ ಪರೀಕ್ಷೆ ಮಾಡುದಾ? ಸೂರ್ಯ ಹುಟ್ಟುಕ್ ಮುಂಚೆ ಕುಡಿಕ್!”

ಮಾಸ್ಟ್ರ ಮುಖ ಕೆಂಪಾಯಿತು. ಕೇರಿಯ ಎದುರು, ತಾಯಿಯ ಎದುರು ಆದ ಅವಮಾನ ಅದು. ಈಗ ಬೈಯುತ್ತಾರೆ, ಇಷ್ಟು ದಿನ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಎಂದುಕೊಂಡೆ. ಅವರು ಲೋಟ ಕೆಳಗಿಟ್ಟರು.

“ಗೊತ್ತಿಲ್ಲೆ. ಬೆಳಕಾಯ್ಲಿ, ಕಂಡ್ಕಂಡ್ ಬಪ್ಪ.”

ಬೆಳಗಾದ ಮೇಲೆ ಕೊಡೆ ಹಿಡಿದು ಹಾಡಿಗೆ, ಅಂದರೆ ಮರವಿದ್ದ ಆ ಕಾಡಿಗೆ, ಹೋದೆವು. ಜಜ್ಜಿದ ಜಾಗದ ಪಕ್ಕದಲ್ಲಿ ಮಾಸ್ಟ್ರು ಕಲ್ಲಿನಿಂದ ಕೆರೆದರು. ಬೆಳ್ಳಗೆ ಹಾಲು ಒಸರಿತು. ಕಾಸರಕಕ್ಕೆ ಹಾಲಿಲ್ಲ. ಮರ ಸರಿಯಾಗಿಯೇ ಇತ್ತು! ಸೀತಮ್ಮ ಗೆದ್ದ ಮುಖದಲ್ಲಿ ಎಲ್ಲರ ಲೋಟಕ್ಕೂ ತುಂಬ ಹೊಯ್ದರು. ಆ ಕಹಿಯನ್ನು ನೆನೆದರೆ ಈಗಲೂ ನನ್ನ ನಾಲಿಗೆ ಸುರುಟುತ್ತದೆ.

ಪ್ರೇಕ್ಷಾಳ ಕಣ್ಣು ತುಂಬಿತ್ತು. “ತಪ್ಪಾಯ್ತ್ ಸರ್. ಎಲ್ಲರನ್ನೂ ಸುಮ್ನೆ ಕಾಯ್ಸ್ದೆ.”

“ತಪ್ಪೆಂತದ್? ನೀ ಕೇಂಡಾಗ ನಂಗ್ ಗೊತ್ತಿರ್ಲಿಲ್ಲ. ಈಗ ಗೊತ್ತಿತ್ತ್.”

ಅವಳು ತಲೆ ತಗ್ಗಿಸಿಕೊಂಡೇ ಮನೆಗೆ ಹೋದಳು. ಕಷಾಯದ ಮೇಲೆ ಉಣ್ಣುವ ಮೆಂತೆ ಗಂಜಿ ಮಾಸ್ಟ್ರಿಗೆ ಆ ದಿನ ಸೇರಲಿಲ್ಲ. “ಮರ ಸರಿ ಇದ್ದದ್ದೇ ಕಷ್ಟ ಆಯ್ತ್ ಕಾಣಿ. ಇನ್ ಆ ಹೆಣ್ಣ್ ಬಾಯಿ ಬಿಡ್ತಾ?” ಎಂದು ನನ್ನಲ್ಲಿ ಪೇಚಾಡಿದರು. ಅವರ ಹೆದರಿಕೆ ಸುಳ್ಳಾಗಲಿಲ್ಲ. ಮುಂದಿನ ಪಾಠಗಳಲ್ಲಿ ಅವಳು ಕೈ ಎತ್ತಲೇ ಇಲ್ಲ.

ವಾರ ಕಳೆದಿರಬೇಕು. ಪಕ್ಕದ ಕೋಣೆಯಿಂದ ಪ್ರೇಕ್ಷಾಳ ಧ್ವನಿ ಸ್ಪಷ್ಟವಾಗಿ ಕೇಳಿತು.

“ಸರ್, ಹಲ್ಸಿನ ಮರಕ್ಕೂ ಹಾಲ್ ಬತ್ತ್ ಅಲ್ದಾ? ಬರೀ ಹಾಲ್ ಕಂಡ್ಕಂಡ್ ನಾವೆಲ್ಲ ಕುಡ್ದದ್ದ್ ಹ್ಯಾಂಗೆ?”

ಮಾಸ್ಟ್ರು ಸೀಮೆಸುಣ್ಣ ಹಿಡಿದುಕೊಂಡೇ ನನ್ನ ಬಾಗಿಲಿಗೆ ಓಡಿಬಂದರು. “ಹ್ವಾಯ್ ಟೀಚರ್, ಕೇಂಡ್ರಿಯಾ? ಕುಡ್ದಾಯ್ತ್, ಈಗ ಕೇಂತ್ಳ್!” ಎಂದು ನಗುವಾಗ ಕಣ್ಣಲ್ಲಿ ನೀರು. ತನ್ನ ತಪ್ಪು ಸಿಕ್ಕಿಬಿದ್ದದ್ದಕ್ಕೆ ಇಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಎರಡೂ ತರಗತಿಯ ಪಾಠ ಅಲ್ಲಿಗೇ ನಿಂತಿತು. ಹಾಲೆ ಮರದ ಎಲೆ ಹೇಗಿರುತ್ತದೆಂದು ನೋಡಲು ಎಲ್ಲರೂ ಕೊಡೆ ಬಿಡಿಸಿ ಹಾಡಿಯ ಕಡೆ ಹೊರಟೆವು, ಮುಂದೆ ಪ್ರೇಕ್ಷಾ, ಅವಳ ಹಿಂದೆ ಮಾಸ್ಟ್ರು.