ಮೊದಲು ಒಂದು ಸಸಿ

ಕಚಕ್ಕೆಂದಿತು ಕತ್ತರಿ. ಸೊಂಟದೆತ್ತರದ ನೇರಳೆ ಸಸಿಯ ತುದಿ ನರ್ಸರಿಯ ಹಳೆಯ ಕೆಲಸಗಾರ್ತಿ ದುರ್ಗವ್ವನವರ ಪಾದದ ಬಳಿ ಬಿತ್ತು.

“ಅಯ್ಯಯ್ಯ, ಏನ್ ಮಾಡಾಕತ್ತೀರಿ?” ತಂಬೂರ ಬದಿಯ ನರ್ಸರಿಗೆ ಹೊಸದಾಗಿ ಅಧಿಕಾರಿಯಾಗಿ ಬಂದಿದ್ದ ನಾಗರತ್ನಾ ಓಡಿಬಂದರು. “ಬರೂ ತಿಂಗಳ ಸಾಹೇಬ್ರು ಸಸಿ ಎತ್ತರ ಅಳೀತಾರ. ಗಿಡ್ಡ ತೋರಿಸಿದ್ರ ನನ್ನ ಕಥಿ ಮುಗೀತು!”

“ಸಾಹೇಬ್ರು ಬಂದು ಹೋಗ್ತಾರ್ರಿ ಮೇಡಮ್ಮಾರ, ಗುಡ್ಡದ ಗಾಳಿ ಹೋಗೂದಿಲ್ಲ. ಇವು ಬರೇ ಉದ್ದ ಆಗ್ಯಾವ, ನಮ್ಮ ಯಲ್ಲೇಶನಂಗ. ದೂಡಿದ್ರ ಬೀಳ್ತಾವ.”

ನೀರಿನ ಪೈಪು ಹಿಡಿದಿದ್ದ ಯಲ್ಲೇಶನೂ ನಕ್ಕ. ನಾಗರತ್ನಾ ನಗಲಿಲ್ಲ.

ಕಲಘಟಗಿ ಸೀಮೆಯಲ್ಲಿ ಸಸಿ ಬೆಳೆಸಿದವರು ಹಲವರು. ಸಸಿಯನ್ನೇ ಕೇಳಿ ಕತ್ತರಿ ಹಾಕಿದವರು ದುರ್ಗವ್ವನವರು. ಆ ಮಧ್ಯಾಹ್ನ ರೊಟ್ಟಿ ಬಿಚ್ಚುತ್ತ ಅದರ ಮೂಲವನ್ನೂ ಅವರೇ ಹೇಳಿದರು. ಮೂವತ್ತೊಂದು ವರ್ಷದ ಹಿಂದೆ, ಸೇವೆಯ ಮೊದಲ ಬೇಸಿಗೆಯಲ್ಲಿ, ಉರಿಬಿಸಿಲಿನಲ್ಲಿ ಬುಡದವರೆಗೆ ಕತ್ತರಿಸಿ ಇನ್ನೂರ ಹತ್ತು ಸಸಿಗಳನ್ನು ಕೊಂದಿದ್ದರಂತೆ. ತಪ್ಪನ್ನು ಗೆದ್ದಲಿನ ಮೇಲೆ ಹಾಕಬಹುದಿತ್ತು, ಹಾಕಲಿಲ್ಲ. ಅಂದಿನಿಂದ ಪ್ರತಿ ಸಸಿಮಡಿಯಲ್ಲಿ ಮೊದಲು ಒಂದೇ ಸಸಿ ಕತ್ತರಿಸಿ, ಕೆಂಪು ದಾರ ಕಟ್ಟಿ ಕಾಯುವುದು. ಅದು ಚಿಗುರಿದರೆ ಮಾತ್ರ ಉಳಿದವಕ್ಕೆ ಕತ್ತರಿ.

“ಹಂಗಾದ್ರ ಅದು ಚಿಗಿಯೂತನಾ ಉಳದವನ್ನ ಮುಟ್ಟಬ್ಯಾಡ್ರಿ,” ಎಂದರು ನಾಗರತ್ನಾ.

ಬೆಳಿಗ್ಗೆ ಹಾಜರಿಗೆ ಸಹಿ ಹಾಕುವ ಮೊದಲು ಕೆಂಪು ದಾರದ ಹತ್ತಿರ ಬಗ್ಗಿ ನೋಡುವುದು ಅವರ ರೂಢಿಯಾಯಿತು. ಒಂಬತ್ತನೆಯ ದಿನ ಏನೂ ಇಲ್ಲ. ಹನ್ನೊಂದನೆಯ ದಿನವೂ ಬೋಳು. ಹನ್ನೆರಡನೆಯ ಬೆಳಿಗ್ಗೆ ಎರಡು ತಾಮ್ರಬಣ್ಣದ ಚಿಗುರು!

“ಬಂತ್ರೀ, ಎರಡ ಬಂದಾವ!” ಎಂದು ಕೂಗಿದ ಅಧಿಕಾರಿ ತಾವೇ ಕತ್ತರಿ ಹಿಡಿದು ಮಡಿಗಿಳಿದರು.

“ಚಿಗುರು ಒಡಿಯೂ ಕಣ್ಣಿನ ಮ್ಯಾಲ ಹಿಡೀರಿ, ಓರೆ ಮಾಡ್ರಿ. ಕಾಯಿಪಲ್ಲೆ ಹೆಚ್ಚೂದಲ್ಲದು!” ಎಂದು ದುರ್ಗವ್ವನವರು ಗದರಿದರು.

ಸಾಹೇಬರು ಗಿಡ್ಡ ಸಸಿಗಳಿಗೆ ವಿವರಣೆ ಕೇಳಿದ್ದು ನಿಜ. ನಾಗರತ್ನಾ ನಾಲ್ಕು ಪುಟ ಬರೆದುಕೊಟ್ಟದ್ದೂ ನಿಜ. ಮೂರು ಮಳೆಗಾಲ ಕಳೆದಿವೆ. ಆ ನೇರಳೆಗಳು ಗುಡ್ಡದ ಮೇಲೆ ಕವಲೊಡೆದು ನಿಂತಿವೆ, ಬುಡದಲ್ಲಿ ಕುರಿಗಳು ಬಿಸಿಲು ಕಳೆಯುತ್ತವೆ.

ನಿವೃತ್ತರಾಗುತ್ತಿರುವ ದುರ್ಗವ್ವನವರು ಆ ನೆರಳಿನಲ್ಲಿ ನೂರು ಮಳೆಗಾಲ ಕಾಣಲಿ, ಅವರ ಕತ್ತರಿಗೆ ತುಕ್ಕು ಹಿಡಿಯದಿರಲಿ.

ಬೀಳ್ಕೊಡುಗೆಗೆಂದು ಬರೆದ ಈ ಲೇಖನವನ್ನು ದುರ್ಗವ್ವನವರಿಗೆ ಓದಿ ಹೇಳಿದಾಗ ನಾಗರತ್ನಾ ಮೆಲ್ಲಗೆ, “ಸನ್ಮಾನದ ಪುಸ್ತಕದಾಗ ಸತ್ತ ಸಸಿ ಯಾಕ್ರಿ? ಆ ಇನ್ನೂರಾ ಹತ್ತರ ಮಾತು ತಗದುಬಿಡೂಣು,” ಎಂದರು.

“ಬ್ಯಾಡ್ರಿ,” ಎಂದರು ದುರ್ಗವ್ವನವರು. “ತಗಿಯೂದಿದ್ರ ನನ್ನ ಹೆಸರ ತಗೀರಿ.”