ಗೌಡರ ಸೊಪ್ಪು, ನಮ್ಮ ಕುದುರೆ

ನಮ್ಮ ಮನೆಯಲ್ಲಿ ಕುದುರೆ ಇದೆ ಎಂದು ಹೇಳುವಾಗ ನನ್ನ ದನಿ ಒಂಚೂರು ಏರುತ್ತದೆ. ನಮ್ಮನೆಯವರು ಪಕ್ಕದಲ್ಲಿದ್ದರೆ ಮೊಣಕೈಯಲ್ಲಿ ತಿವಿಯುತ್ತಾರೆ. ತಿವಿಯಲಿ. ನಿಟ್ಟೂರಿನ ಸುತ್ತ ಜೀಪಿರುವ ಮನೆಗೆ ಬರವಿಲ್ಲ, ಎರಡೆರಡು ಕಾರು ನಿಲ್ಲಿಸಿಕೊಂಡವರೂ ಇದ್ದಾರೆ. ಕುದುರೆ ಇರುವುದು ನಮ್ಮದೊಂದೇ ಮನೆಯಲ್ಲಿ. ಬಸ್ಸಿನಲ್ಲಿ ಯಾರಾದರೂ "ಯಾವ ಮನೆ ಆಯ್ತು ನಿಮ್ದು?" ಎಂದು ಕೇಳಿದರೆ ಊರಿನ ಹೆಸರಿಗಿಂತ ಮೊದಲು "ಕುದುರೆ ಮನೆ" ಎನ್ನುತ್ತೇನೆ.

ಈ ಜಂಬಕ್ಕೆ ಕಾರಣವಿದೆ. ನಮ್ಮ ಮಾವನ ಅಪ್ಪ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಒಡೆಯರು ಮೇಲಿನ ಮನೆಯ ಗೌಡರು. ಆ ಕಾಲದ ಗೌಡರಿಗೊಂದು ಕುದುರೆ ಇತ್ತು. ಗೇಣಿ ಭತ್ತ ಅಳೆಸಲು ಅದರ ಮೇಲೆ ಕೂತು ಬರುತ್ತಿದ್ದರು. ದಿನಾ ಬೆಳಗ್ಗೆ ಆ ಕುದುರೆಗೆ ಹುಲ್ಲು ಕೊಯ್ದು, ಹೊರೆ ಹೊತ್ತು ಗೌಡರ ಅಂಗಳಕ್ಕೆ ತರುವುದು ಮಾವನ ಅಪ್ಪನ ಕೆಲಸ. ಅದನ್ನೂ ಅಂಗಳದ ಅಂಚಿನಲ್ಲೇ ಇಳಿಸಬೇಕು, ಜಗಲಿಯ ಹತ್ತಿರ ಸುಳಿಯುವಂತಿಲ್ಲ. ಜೀವಮಾನವಿಡೀ ಹುಲ್ಲು ಹೊತ್ತರೂ ಆ ಕುದುರೆಯ ಬೆನ್ನ ಮೇಲೆ ಒಂದು ದಿನವೂ ಕೂತವರಲ್ಲ. ಮಾವ ಚಿಕ್ಕವರಿದ್ದಾಗ ಆಸೆ ತಡೆಯದೆ ಜೀನು ಮುಟ್ಟಿ ನೋಡಿದರಂತೆ. ಬೆನ್ನಿಗೆ ಸರಿಯಾಗಿ ಬಿದ್ದಿತ್ತಂತೆ. ಆಮೇಲೆ ಉಳುವವನೇ ಒಡೆಯ ಕಾನೂನು ಬಂದು, ಡಿಕ್ಲರೇಷನ್ ಹಾಕಿ ಗದ್ದೆ ನಮ್ಮದಾಯಿತು, ಗೌಡರ ಕುದುರೆಯೂ ಹೋಯಿತು, ಗೌಡರೂ ಹೋದರು. ಮಾವನಿಗೆ ಎಂಬತ್ತಾದರೂ ಆ ಜೀನು ಮಾತ್ರ ತಲೆಯಿಂದ ಇಳಿದಿರಲಿಲ್ಲ.

ನಮ್ಮನೆಯವರು ಕೊಡಚಾದ್ರಿಗೆ ಜೀಪು ಓಡಿಸುತ್ತಾರೆ. ಸಾಗರದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಿಡುತ್ತಿದ್ದವರೊಬ್ಬರು ವಯಸ್ಸಾಗಿ ಕೈಬಿಡುತ್ತಿದ್ದಾರೆಂದು ಗೊತ್ತಾಗಿ, ನನಗೊಂದು ಮಾತೂ ಹೇಳದೆ, ಹಣೆಯಲ್ಲಿ ಬಿಳಿ ನಾಮವಿರುವ ಕಂದು ಹೆಣ್ಣು ಕುದುರೆಯನ್ನು ತಂದು ಅಂಗಳದಲ್ಲಿ ಇಳಿಸಿದರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಬೈಯುತ್ತಿರುವಾಗಲೇ ಮಾವ ಜಗಲಿಯಿಂದ ಇಳಿದು ಬಂದು ಜೀನಿನ ಮೇಲೆ ಕೈಯಿಟ್ಟರು. ಬೈಯುವುದು ಬಿಟ್ಟು ನಾನು ಲಗಾಮು ಹಿಡಿದೆ. ನಾವಿಬ್ಬರೂ ಸೇರಿ ಅವರನ್ನು ಹತ್ತಿಸಿ ಅಂಗಳದಲ್ಲಿ ಒಂದು ಸುತ್ತು ಬರಿಸಿದೆವು. ಇಳಿದವರು ಕೈಕಾಲು ತೊಳೆದು ದೇವರ ಮುಂದೆ ದೀಪ ಹಚ್ಚಿದರು.

ನಮ್ಮ ಕುದುರೆಯೂ ಸುಮ್ಮನೆ ಕೂತು ತಿನ್ನುವವಳಲ್ಲ. ಸಾಗರ, ತೀರ್ಥಹಳ್ಳಿಯ ಮದುವೆಗಳಿಗೆ ಹೋಗುತ್ತಾಳೆ, ಮೈ ತುಂಬ ಹೂವು ಹಾಕಿಸಿಕೊಂಡು ಬ್ಯಾಂಡಿನ ಸದ್ದಿಗೂ ಪಟಾಕಿಗೂ ಕಿವಿಯಲ್ಲಾಡಿಸದೆ ನಡೆಯುತ್ತಾಳೆ. ಎಷ್ಟೋ ಮದುಮಕ್ಕಳಿಗಿಂತ ಇವಳ ಫೋಟೋವೇ ಚೆಂದ ಬಂದಿದೆ.

ಈಗಿನ ಗೌಡರು ಆ ಗೌಡರ ಮೊಮ್ಮಗ. ಅರವತ್ತು ದಾಟಿದ, ದನವೆಂದರೆ ಜೀವ ಬಿಡುವ ಮನುಷ್ಯ. ಹಿಂದಿನ ವರ್ಷ ಚರ್ಮಗಂಟು ರೋಗ ಬಂದಾಗ ಅವರ ಕೊಟ್ಟಿಗೆಯಲ್ಲಿ ಉಳಿದದ್ದು ಎರಡೇ ದನ. ಮೈತುಂಬ ಗಂಟೆದ್ದ ಹಸುಗಳ ಪಕ್ಕ ಕೂತು ಅವರು ಅತ್ತಿದ್ದನ್ನು ನಾನೇ ಕಂಡಿದ್ದೇನೆ. ಈ ಸಲ ದೀಪಾವಳಿ ಕಳೆದ ಮೇಲೆ ಅವರ ಸೊಪ್ಪಿನ ಬೆಟ್ಟದಲ್ಲಿ ಕೊಟ್ಟಿಗೆಗೆ ಹಾಸುವ ಹಸಿಸೊಪ್ಪು ಕಡಿಸಿದರು. ಕಡಿಯಲು ಬಂದವರು ಬಯಲುಸೀಮೆಯ ಕಡೆಯ ಆಳುಗಳು. ಒಂದು ಗಾಡಿ ಸೊಪ್ಪನ್ನು ನಮ್ಮಲ್ಲಿಗೆ ಕಳಿಸಿ, "ನನ್ನ ಕೊಟ್ಟಿಗೆ ಮುಕ್ಕಾಲು ಖಾಲಿ, ಇಷ್ಟನ್ನ ಯಾರಿಗೆ ಹಾಸ್ಲಿ? ನಿಮ್ಮ ಕುದುರೆ ಆದ್ರೂ ಮಲಗ್ಲಿ" ಎಂದು ಹೇಳಿಸಿದ್ದರು. ಮೇಲಿನ ಮನೆಯ ಸೊಪ್ಪು ನಮ್ಮ ಕುದುರೆಗೆ ಹಾಸಿಗೆಯಾಗಿ ಬಂತಲ್ಲ ಎಂದು ನಾನು ಒಳಗೊಳಗೇ ಬೀಗಿದೆ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಗ್ಗೆ ನಮ್ಮನೆಯವರು ಕೊಟ್ಟಿಗೆಯಿಂದ ಕೂಗಿದರು. ಹೋಗಿ ನೋಡಿದರೆ ಅವಳ ಎಡಪಕ್ಕೆಯ ತುಂಬ ಗಂಟು. ಹೊಟ್ಟೆಯ ಅಡಿ, ತೊಡೆ, ಕುತ್ತಿಗೆಯ ಒಂದು ಬದಿ. ಕೆಲವು ಅಡಿಕೆಯಷ್ಟು, ಕೆಲವು ಒಂದಕ್ಕೊಂದು ಕೂಡಿ ಅಂಗೈ ಅಗಲ. ಪಾಪ, ಕಂಬಕ್ಕೆ ಮೈ ಉಜ್ಜಿ ಉಜ್ಜಿ ಕೂದಲು ಕಿತ್ತುಕೊಂಡಿದ್ದಳು. ಗೌಡರ ದನಗಳ ಮೈಮೇಲೆ ಕಂಡಿದ್ದ ಗಂಟುಗಳೇ ನೆನಪಾದವು.

ದನದಾಸ್ಪತ್ರೆಯ ಡಾಕ್ಟ್ರಮ್ಮನಿಗೆ ಫೋನ್ ಮಾಡಿದೆವು. ಅವರು ಬರುವ ಮೊದಲೇ ಸುದ್ದಿ ಹಾಲಿನ ಡೇರಿ ಮುಟ್ಟಿ, ಗೌಡರು ನಾಲ್ಕು ಜನರನ್ನು ಕಟ್ಟಿಕೊಂಡು ಬಂದರು. ಬೇಲಿಯ ದಣಪೆಯ ಆಚೆಯೇ ನಿಂತರು, ಒಳಗೆ ಬರಲಿಲ್ಲ.

"ನೋಡು ತಂಗಿ, ನಂಗೆ ನಿಮ್ಮ ಕುದುರೆ ಮೇಲೆ ಸಿಟ್ಟಿಲ್ಲ. ಉಳಿದಿದ್ದು ಎರಡು ದನ. ಅವೂ ಹೋದ್ರೆ ನಾನು ಕೊಟ್ಟಿಗೆ ಬಾಗ್ಲು ಹಾಕೋದೆ. ಇದನ್ನ ಬೇರೆ ಎಲ್ಲಾದ್ರೂ ಸಾಗ್ಸಿಬಿಡಿ."

"ಡಾಕ್ಟ್ರಮ್ಮ ಬಂದು ನೋಡ್ಲಿ ಗೌಡ್ರೇ. ನೀವೇ ಡಾಕ್ಟ್ರಾದ್ರೆ ಹೆಂಗೆ?"

"ಇದ್ರ ಮೇಲೆ ಕೂತ ನೊಣ ನನ್ನ ಕೊಟ್ಟಿಗೆಗೆ ಬರೋಕೆ ಡಾಕ್ಟ್ರನ್ನ ಕೇಳ್ತದಾ?"

ಮಾವ ಎದ್ದು ಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ಕೂತರು.

ಡಾಕ್ಟ್ರಮ್ಮ ಬಂದವರೇ ಒಂದು ಗಂಟನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಜಾಗ ಗುಳಿ ಬಿದ್ದು ಹಾಗೇ ಉಳಿಯಿತು. "ಇದು ಚರ್ಮಗಂಟಲ್ಲ ಅಕ್ಕಾ. ಅದು ದನ, ಎಮ್ಮೆಗೆ ಬರೋ ಕಾಯಿಲೆ, ಕುದುರೆಗೆ ಬರಲ್ಲ. ನಮಗೆ ಪಿತ್ತಗಂಧೆ ಏಳ್ತದಲ್ಲ, ಹಂಗೆ ಇದು. ಎಂತದೋ ಮೈಗೆ ಆಗ್ಲಿಲ್ಲ, ಅಲರ್ಜಿ. ಹೊಸದಾಗಿ ತಿನ್ನೋಕೆ ಎಂತ ಕೊಟ್ರಿ?"

ನಾವು ಲೆಕ್ಕ ಒಪ್ಪಿಸಿದೆವು. ನೆನೆಸಿದ ಹುರುಳಿ, ತೌಡು, ಗದ್ದೆಬದಿಯ ಹುಲ್ಲು. ಹೊಸ ಅಂಗಡಿಯ ತೌಡಿನ ಮೇಲೆ ಎಲ್ಲರ ಅನುಮಾನ ಹೋಯಿತು. ಹಾಸಿದ ಸೊಪ್ಪಿನ ಸುದ್ದಿಯನ್ನು ಒಬ್ಬರೂ ಎತ್ತಲಿಲ್ಲ. ನಮ್ಮ ಕಡೆ ಕೊಟ್ಟಿಗೆಯ ಸೊಪ್ಪೆಂದರೆ ನೆಲವಿದ್ದ ಹಾಗೆ. ಇದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಡಾಕ್ಟ್ರಮ್ಮ ಇಂಜೆಕ್ಷನ್ ಕೊಟ್ಟರು, ತೌಡು ನಿಲ್ಲಿಸಿದೆವು, ಸಂಜೆಯೊಳಗೆ ಗಂಟುಗಳು ಇಳಿದವು. ನಾನು ಬೇಕೆಂದೇ ಅವಳನ್ನು ಗೌಡರ ಮನೆ ಮುಂದಿನ ರಸ್ತೆಯಲ್ಲಿ ನಡೆಸಿಕೊಂಡು ಬಂದೆ.

ಆ ಠೇಂಕಾರ ಹೆಚ್ಚು ದಿನ ಉಳಿಯಲಿಲ್ಲ. ರಾಶಿಯಿಂದ ಮತ್ತಷ್ಟು ಸೊಪ್ಪು ಹಾಸಿದ ಮಾರನೇ ದಿನ ಮತ್ತೆ ಗಂಟು, ಮೊದಲಿಗಿಂತ ದಪ್ಪ, ಕಣ್ಣಿನ ರೆಪ್ಪೆಯೂ ಬಾತಿತ್ತು. ಗೌಡರು ಮತ್ತೆ ದಣಪೆಯ ಬಳಿ ಬಂದರು. "ಅಲರ್ಜಿ ಆದ್ರೆ ಇಳಿದು ಹೋಗ್ಬೇಕಿತ್ತಲ್ಲ. ಮತ್ತೆ ಬಂತು ಅಂದ್ರೆ ಎಂತ ಅರ್ಥ?" ಈ ಸಲ ಹಿಂದಿದ್ದವರೂ ಬಾಯಿ ಬಿಟ್ಟರು. ಹಾಲು ಹಾಕಿ ಮನೆ ನಡೆಸುವ ಜನ, ಅವರ ಭಯವೂ ಸುಳ್ಳಲ್ಲ. ನಮ್ಮನೆಯವರು ತಲೆ ತಗ್ಗಿಸಿ, ತೀರ್ಥಹಳ್ಳಿಯಲ್ಲಿ ಕುದುರೆ ಸಾಕುವ ಒಬ್ಬರಿದ್ದಾರೆ, ಮಾತಾಡಿ ನಾಳೆ ಗಾಡಿ ತರಿಸುತ್ತೇನೆ ಎಂದು ಒಪ್ಪಿಕೊಂಡುಬಿಟ್ಟರು.

ಮಾವ ಮಧ್ಯಾಹ್ನದ ಊಟ ಮುಟ್ಟಲಿಲ್ಲ. "ಅಪ್ಪಯ್ಯ ಹೊತ್ತ ಹುಲ್ಲಿಗೆ ಈಗ ಬೆಲೆ ಬಂತು ಅಂತ ಮಾಡಿದ್ದೆ. ಹೋಗ್ಲಿ ಬಿಡು ಮಗಾ, ನಮಗೆ ಕುದುರೆ ಬರೆದಿಲ್ಲ" ಎಂದರು. ನಮಗೆ ಬರೆದಿಲ್ಲ ಎನ್ನುವ ಮಾತನ್ನು ನಮ್ಮ ಮನೆಯ ಹಿರಿಯರು ಹೇಳಿ ಮುಗಿಸಿ ಆಗಿದೆ, ಇನ್ನು ಹೇಳಕೂಡದು.

ನಮ್ಮನೆಯವರು ತೀರ್ಥಹಳ್ಳಿಗೆ ಹೋಗಿದ್ದರಿಂದ ಆವತ್ತು ಸಂಜೆ ಕೊಟ್ಟಿಗೆ ಕೆಲಸ ನನಗೆ ಬಿತ್ತು. ಯಾವಾಗಲೂ ಸೊಪ್ಪು ಹಾಸುವುದು ಅವರೇ. ನಾಳೆ ಹೋಗುವವಳು, ಮೆತ್ತಗೆ ಮಲಗಲಿ ಎಂದು ತಬ್ಬಿ ತಬ್ಬಿ ಸೊಪ್ಪು ತಂದು ದಪ್ಪಗೆ ಹಾಸಿದೆ. ಬೆಳಗ್ಗೆ ಏಳುವಾಗ ನನ್ನ ಎರಡೂ ಕೈ ಉರಿಯುತ್ತಿದ್ದವು. ಮೊಣಕೈವರೆಗೆ ಕೆಂಪು ದದ್ದು, ಅಲ್ಲಲ್ಲಿ ಗಂಟು, ತಡೆಯಲಾರದ ತುರಿಕೆ.

ಆ ತುರಿಕೆ ನನಗೆ ಹೊಸದಲ್ಲ. ನನ್ನ ತೌರು ಮಂಡಗದ್ದೆಯ ಕಡೆ. ಚಿಕ್ಕವಳಿದ್ದಾಗ ಸೌದೆಗೆಂದು ಕಾಡಿಗೆ ಹೋಗಿ, ಹೊಳಗೇರು ಮರದ ಸೊನೆ ತಾಗಿಸಿಕೊಂಡು ಮುಖ ಕುಂಬಳಕಾಯಿ ಮಾಡಿಕೊಂಡು ಬಂದವಳು ನಾನು. ಆ ಮರ ಎಲ್ಲರನ್ನೂ ಹಿಡಿಯುವುದಿಲ್ಲ. ನಮ್ಮನೆಯವರು ಅದರ ಬುಡದಲ್ಲಿ ನಿದ್ದೆ ಮಾಡಿ ಏಳಬಲ್ಲರು, ನನಗೆ ಅದರ ಗಾಳಿ ಸೋಕಿದರೆ ಸಾಕು. ಎದ್ದವಳೇ ಕೊಟ್ಟಿಗೆಗೆ ಓಡಿದೆ. ಕೋಲಿನಿಂದ ಸೊಪ್ಪು ಕೆದರಿದೆ. ಮತ್ತಿ, ನೇರಳೆ ಸೊಪ್ಪಿನ ನಡುವೆ ಇತ್ತು: ಉದ್ದನೆಯ ಎಲೆ, ತೊಟ್ಟು ಮುರಿದಲ್ಲೆಲ್ಲ ಕಪ್ಪಾಗಿ ಅಂಟಿದ ಸೊನೆ. ಬಯಲುಸೀಮೆಯ ಆಳುಗಳಿಗೆ ಈ ಮರದ ಗುರುತಿಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲ ಕಡಿದಿದ್ದರು. ನಮ್ಮ ಹುಡುಗಿ ಮಲಗುವುದು ಎಡಮಗ್ಗುಲಿಗೆ. ಗಂಟು ಎದ್ದದ್ದೂ ಎಡಗಡೆಯೇ.

ಡಾಕ್ಟ್ರಮ್ಮನಿಗೆ ಎಲೆಯ ಫೋಟೋ ಕಳಿಸಿ ಫೋನ್ ಮಾಡಿದೆ. "ಇದೇ ಇರ್ಬೇಕು ಅಕ್ಕಾ. ಸೊಪ್ಪೆಲ್ಲ ಹೊರಗೆ ಹಾಕಿ ನೆಲ ತೊಳೀರಿ. ಕುದುರೆ ಮೈಯನ್ನೂ ಸೋಪು ಹಾಕಿ ತೊಳೀರಿ. ನಾನು ಬಂದು ಇಂಜೆಕ್ಷನ್ ಕೊಡ್ತೀನಿ" ಎಂದರು. ನಮ್ಮನೆಯವರಿಗೆ ಫೋನ್ ಮಾಡಿ, "ಗಾಡಿ ಬೇಡ, ನೀವೊಬ್ಬರೇ ಬನ್ನಿ" ಎಂದೆ. ಆಮೇಲೆ ಒಂದು ಎಲೆಯನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ನೇರ ಮೇಲಿನ ಮನೆಗೆ ಹೋದೆ.

ಗೌಡರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಎರಡೂ ಕೈ ಚಾಚಿ ಅವರ ಮುಂದೆ ನಿಂತೆ.

"ನೋಡಿ ಗೌಡ್ರೇ, ನಂಗೂ ಗಂಟು ಬಂದಿದೆ. ನನ್ನನ್ನೂ ಊರು ಬಿಡಿಸ್ತೀರಾ?"

ಅವರು ಕೈ ನೋಡಿದರು, ಕೋಲಿನ ತುದಿಯ ಎಲೆ ನೋಡಿದರು. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರು, ಬಿಡಿಸಿ ಹೇಳಬೇಕಾಗಿರಲಿಲ್ಲ. ಲೋಟ ಕೆಳಗಿಟ್ಟರು. "ಎಂತ ಕೆಲ್ಸ ಆಯ್ತು ಮಾರಾಯ್ತಿ. ನನ್ ಬೆಟ್ಟದ್ದಲ್ವಾ ಅದು" ಎಂದರು. ಅವರ ಮುಖ ನೋಡಿ, ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಬೈಗುಳಗಳು ನನ್ನ ಬಾಯಲ್ಲೇ ಉಳಿದವು. ಕೊಟ್ಟಿಗೆ ಖಾಲಿಯಾದ ಮನುಷ್ಯ ಪ್ರೀತಿಯಿಂದ ಕೊಟ್ಟ ಸೊಪ್ಪು ತಾನೇ.

ಆ ದಿನ ಕೊಟ್ಟಿಗೆ ತೊಳೆದದ್ದು, ಅವಳನ್ನು ಮೀಯಿಸಿದ್ದು, ನನ್ನ ಕೈಗೆ ತೆಂಗಿನೆಣ್ಣೆ ಸುರಿದುಕೊಂಡಿದ್ದು ಎಲ್ಲ ಆಯಿತು. ಡಾಕ್ಟ್ರಮ್ಮ ಬಂದು ಇಂಜೆಕ್ಷನ್ ಕೊಟ್ಟು, ಹಾಗೇ ಗೌಡರ ಎರಡು ದನಗಳನ್ನೂ ನೋಡಿ, ಏನೂ ಇಲ್ಲವೆಂದು ಹೇಳಿ ಹೋದರು. ಸಂಜೆಗೆ ಗಂಟುಗಳು ಇಳಿಯತೊಡಗಿದವು. ಬರಿನೆಲದ ಮೇಲೆ ಅವಳನ್ನು ಕಟ್ಟಿದೆವು. ನಮ್ಮಲ್ಲಿ ಆಗ ಹಾಸಲು ಒಣಹುಲ್ಲೂ ಇರಲಿಲ್ಲ.

ಮರುದಿನ ಬೆಳಗ್ಗೆ ಮಾವ ಜಗಲಿಯಲ್ಲಿ ಕೂತಿದ್ದರು. ನಾನು ಹತ್ತಿರವೇ ಅಂಗಳ ಗುಡಿಸುತ್ತಿದ್ದೆ. ದಣಪೆ ಸರಿದ ಸದ್ದಾಯಿತು. ತಲೆ ಎತ್ತಿದರೆ ಗೌಡರು. ತಲೆಯ ಮೇಲೆ ಸಿಂಬೆ, ಅದರ ಮೇಲೆ ಒಣಹುಲ್ಲಿನ ದೊಡ್ಡ ಹೊರೆ. ಮನೆಯಲ್ಲಿ ಆಳುಗಳಿದ್ದರು, ಕಳಿಸಬಹುದಿತ್ತು. ತಾವೇ ಹೊತ್ತು ತಂದಿದ್ದರು. ಮಾವ ಗಡಬಡಿಸಿ ಏಳಲು ಹೋದರು. ಎಷ್ಟೋ ವರ್ಷದ ಅಭ್ಯಾಸ. ನಾನು ಹೋಗಿ ಅವರ ಭುಜದ ಮೇಲೆ ಕೈಯಿಟ್ಟೆ. ಕೂತರು.

ಗೌಡರು ಅಂಗಳದ ಅಂಚಿನಲ್ಲಿ ನಿಂತರು. ಹೊರೆಯ ಭಾರಕ್ಕೆ ಕುತ್ತಿಗೆ ಅದುರುತ್ತಿತ್ತು.

"ಕುದುರೆಗೆ ಹುಲ್ಲು ತಂದೆ. ಎಲ್ಲಿ ಇಳಿಸ್ಲಿ?"

ಮಾವ ತಮ್ಮ ಪಕ್ಕದ ಜಾಗಕ್ಕೆ ಕೈ ತೋರಿಸಿದರು.

"ಅಲ್ಲಿ ಬೇಡ ಗೌಡ್ರೇ," ಎಂದರು. "ಇಲ್ಲಿ ತನ್ನಿ, ಜಗಲಿ ಮೇಲೆ ಇಳಿಸಿ. ನೀವೂ ಕೂತ್ಕೊಳ್ಳಿ."

ಗೌಡರು ಬಂದು ಹೊರೆ ಇಳಿಸಿ ಮಾವನ ಪಕ್ಕದಲ್ಲಿ ಕೂತರು. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋಗಿ ಅತ್ತುಬಿಟ್ಟೆ. ದುಃಖಕ್ಕಲ್ಲ, ಹೆಮ್ಮೆಗೆ. ಆಮೇಲೆ ಕಣ್ಣೊರೆಸಿಕೊಂಡು ಇಬ್ಬರಿಗೂ ಕಾಫಿ ತಂದುಕೊಟ್ಟೆ.